ಹಸಿರು ಚುಕ್ಕೆಯ ಡಬ್ಬ

"ಇದರಲ್ಲಿರೋದು ನೀವೇನಾ?"

ಡಾಕ್ಟರ್ ಸುರಭಿ ಮೈ ಬೆಳೆಸುವ ಪುಡಿಯ ಡಬ್ಬವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲಿನ ಚಿತ್ರವನ್ನೊಮ್ಮೆ, ಮೌನೇಶನ ಮುಖವನ್ನೊಮ್ಮೆ ನೋಡಿದರು. ಡಬ್ಬದ ಮೇಲೆ ಇಬ್ಬರು ಮೌನೇಶರಿದ್ದರು. ಎಡಗಡೆಯವನು ಹೊಟ್ಟೆ ಜೋತುಬಿದ್ದು, ಗಡ್ಡ ಕೆದರಿ, ಮನೆಯಲ್ಲಿ ಬೈಸಿಕೊಂಡು ಬಂದವನ ಹಾಗೆ ನಿಂತಿದ್ದ. ಬಲಗಡೆಯವನ ಮೈ ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು. ಇಬ್ಬರ ನಡುವೆ ಕೆಂಪಕ್ಷರದಲ್ಲಿ 'ತೊಂಬತ್ತೇ ದಿನ!' ಎಂದು ಬರೆದಿತ್ತು.

"ಹೌದು ಮೇಡಂ," ಎಂದ ಮೌನೇಶ. ಅಷ್ಟು ದೊಡ್ಡ ಆಳು, ಜೆ.ಪಿ. ನಗರದ ಆ ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಗೋಡೆಗೆ ಒತ್ತಿಕೊಂಡು ನಿಂತಿದ್ದ.

ಮಂಚದ ಮೇಲೆ ನಚಿಕೇತ ಮಲಗಿದ್ದ. ಇಪ್ಪತ್ತು ವರ್ಷದ ಹುಡುಗ. ಕಣ್ಣು ಅರಿಶಿನವಾಗಿ ಹನ್ನೊಂದು ದಿನವಾಗಿತ್ತು. ತಾಯಿ ಚೂಡಾಮಣಿ ಅವನ ಕಾಲ ಬಳಿ ಕುಳಿತಿದ್ದರು. ತಂದೆ ಸೇತುರಾಮ್ ಮಾತ್ರ ಕೂರಲಾರದೆ ಓಡಾಡುತ್ತಿದ್ದರು.

"ನಾನೇ ಕರೆಸಿದ್ದು ಡಾಕ್ಟ್ರೇ," ಎಂದರು ಸೇತುರಾಮ್. "ಸಾಕ್ಷಿ ಕಣ್ಣೆದುರಿಗೇ ಇರಲಿ ಅಂತ. ಬಿಟಿಎಂ ಜಿಮ್ಮಲ್ಲಿ ಇವನಿಗೆ ಹೇಳ್ಕೊಡೋದು ಈ ಮೌನೇಶನೇ. ತೊಂಬತ್ತು ದಿನ ಇದೇ ಪುಡಿ ತಿಂದಿದಾನೆ. ನೋಡಿ, ಗೂಳಿ ಥರ ಇದಾನೆ! ಪುಡಿಯಿಂದ ಲಿವರ್ ಹೋಗೋದಾಗಿದ್ರೆ ಮೊದಲು ಇವನದ್ದು ಹೋಗ್ಬೇಕಿತ್ತು. ನಮ್ಮ ಸುಪುತ್ರ ಏನೋ ಮುಚ್ಚಿಡ್ತಿದಾನೆ. ಕುಡೀತಾನೋ, ಇಂಜೆಕ್ಷನ್ ಚುಚ್ಕೋತಾನೋ, ಬಾಯಿ ಬಿಡ್ತಿಲ್ಲ."

"ನಾನೇನೂ ತಗೊಂಡಿಲ್ಲಪ್ಪಾ. ಎಷ್ಟು ಸಲ ಹೇಳ್ಲಿ?"

"ಹಾಗಾದ್ರೆ ಇದು ಆಕಾಶದಿಂದ ಉದುರ್ತಾ?"

ಹುಡುಗ ಗೋಡೆಯ ಕಡೆ ಹೊರಳಿದ. ಹನ್ನೊಂದು ದಿನದಿಂದ ಇದೇ ನಡೆದಿತ್ತು. ಜಯನಗರದ ಆ ಮನೆಯಲ್ಲಿ ಮಗನನ್ನು ಯಾರೂ ಹೊಡೆದು ಬೆಳೆಸಿರಲಿಲ್ಲ. ಆದರೆ ಈಗ ಸೇತುರಾಮ್ ಅವನ ಬ್ಯಾಗು, ಫೋನು, ಹಾಸಿಗೆಯಡಿ ಎಲ್ಲವನ್ನೂ ಜಾಲಾಡಿದ್ದರು. ಏನೂ ಸಿಗದಿದ್ದುದಕ್ಕೆ ಅವರ ಅನುಮಾನ ಇನ್ನಷ್ಟು ಗಟ್ಟಿಯಾಗಿತ್ತು.

"ವೈರಸ್ ಟೆಸ್ಟೆಲ್ಲ ನೆಗೆಟಿವ್ ಬಂದಿದೆ," ಎಂದರು ಡಾಕ್ಟರ್, ಮೌನೇಶನ ಕಡೆ ತಿರುಗಿ. "ನನಗೆ ಈ ಪುಡಿ ಮೇಲೇ ಅನುಮಾನ. ಬರೀ ಹಾಲಿನ ಪುಡಿ, ಗಿಡಮೂಲಿಕೆ ಅಂತ ಬರ್ಕೊಂಡಿದಾರೆ, ಒಳಗೇನಿದೆಯೋ ದೇವರಿಗೇ ಗೊತ್ತು. ಆದ್ರೆ ಹುಡುಗ ಬೇರೇನಾದ್ರೂ ಚುಚ್ಚಿಸಿಕೊಂಡಿದ್ರೆ ನಾನು ನೋಡಬೇಕಾದ ದಾರಿಯೇ ಬೇರೆ. ಇವತ್ತಿನ ರಿಪೋರ್ಟು ನಿನ್ನೆಗಿಂತ ಕೆಟ್ಟದಾಗಿದೆ. ಸುಮ್ಮನೆ ಹುಡುಕಾಡ್ತಾ ಕೂರೋಕೆ ಟೈಮಿಲ್ಲ. ಹೇಳಿ, ನೀವು ತಗೊಂಡಾಗ ಹೊಟ್ಟೆ ತೊಳಸೋದು, ಮೈ ಕೆರೆಯೋದು, ಏನಾದ್ರೂ ಆಗಿತ್ತಾ?"

ಹೇಳಬೇಕೆಂದರೆ, ಆ ಪುಡಿ ಸಿಹಿಯೋ ಕಹಿಯೋ ಎಂಬುದೂ ಮೌನೇಶನಿಗೆ ಗೊತ್ತಿರಲಿಲ್ಲ.

ಮೈ ಬೆಳೆದದ್ದು ಲಿಂಗಸೂಗೂರಿನ ಕಡೆಯ ಹಳ್ಳಿಯಲ್ಲಿ, ಅಪ್ಪ ಭೀಮಪ್ಪನ ಗರಡಿಯಲ್ಲಿ. ಎಮ್ಮೆ ಹಾಲು, ಜೋಳದ ರೊಟ್ಟಿ, ಮೊಟ್ಟೆ, ದಿನಕ್ಕೆ ಐನೂರು ಬಸ್ಕಿ. ಹನ್ನೆರಡು ವರ್ಷ. ಆ ಮೈಯನ್ನು ನೋಡಿಯೇ ಜಿಮ್ಮಿನ ಮಾಲೀಕ ಗುಂಡಣ್ಣ ಅವನನ್ನು ಕೆಲಸಕ್ಕಿಟ್ಟುಕೊಂಡದ್ದು, ಪುಡಿ ಕಂಪನಿಯವರಿಗೆ ತೋರಿಸಿದ್ದು. ಅವರು ಮೊದಲು ತೆಗೆದದ್ದು ಬಲಗಡೆಯ ಫೋಟೋ. ಎಣ್ಣೆ ಹಚ್ಚಿ, ಎರಡು ದಿನ ನೀರು ಕೊಡದೆ, ನರ ಉಬ್ಬಿಸಿ ತೆಗೆದರು. ಆಮೇಲೆ, "ಇನ್ನು ಊರಿಗೆ ಹೋಗಿ ಚೆನ್ನಾಗಿ ತಿಂದು ಮಲಗಿ ಬಾ, ಕಸರತ್ತು ಮುಟ್ಟಬೇಡ," ಎಂದು ಕಳಿಸಿದರು. ಅವ್ವ ಹುಲಿಗೆವ್ವನಿಗೆ ಹಿಗ್ಗೋ ಹಿಗ್ಗು. ಹೋಳಿಗೆ ತುಪ್ಪ ಬಡಿಸಿದ್ದೇ ಬಡಿಸಿದ್ದು. ಹೊಟ್ಟೆ ಬಿಟ್ಟುಕೊಂಡು ಬಂದವನನ್ನು ಬಗ್ಗಿಸಿ ನಿಲ್ಲಿಸಿ, ಎಡಗಡೆಯ ಫೋಟೋ ತೆಗೆದರು. ತೊಂಬತ್ತು ದಿನ ಎಂಬುದೇನೋ ನಿಜವೇ, ಹಿಂದುಮುಂದಾಗಿತ್ತು. ಮೌನೇಶನಿಗೆ ಆಗ ನಗು ಬಂದಿತ್ತು. ಗೆಳೆಯರಿಗೆ ಹೇಳಿ ನಗಿಸಿಯೂ ಇದ್ದ.

ಚೂಡಾಮಣಿ ಜಿಮ್ಮಿಗೆ ಬಂದದ್ದು ಆರು ತಿಂಗಳ ಹಿಂದೆ. ಪಾಪ, ಯಾರ ಮನೆಗೋ ಬಂದವರ ಹಾಗೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಕಾಲೇಜಿನಲ್ಲಿ ಮಗನನ್ನು ಎಲ್ಲರೂ ಕಡ್ಡಿ ಕಡ್ಡಿ ಎಂದು ಆಡಿಕೊಳ್ಳುತ್ತಾರೆ, ಅವನಿಗೆ ಏನು ತಿನ್ನಿಸಬೇಕು ಎಂದು ಕೇಳಿದ್ದರು.

"ದಿನಕ್ಕೆ ನಾಲ್ಕು ಮೊಟ್ಟೆ ಕೊಡಿ ಮೇಡಂ," ಎಂದಿದ್ದ ಮೌನೇಶ.

"ಅಯ್ಯೋ ರಾಮ! ನಮ್ಮನೇಲಿ ಮೊಟ್ಟೆ ಹೆಸರೂ ಎತ್ತೋ ಹಾಗಿಲ್ಲಪ್ಪಾ. ಬೇರೇನಾದ್ರೂ ಹೇಳಿ."

ಬೇರೆ ಹೇಳಲು ಬೇಕಾದಷ್ಟಿತ್ತು. ನೆನೆಸಿದ ಕಡಲೆ, ಶೇಂಗಾ, ಹಾಲು, ಎರಡು ವರ್ಷದ ತಾಳ್ಮೆ. ಆದರೆ ಹಿಂದೆ ಕೌಂಟರಿನಲ್ಲಿ ಗುಂಡಣ್ಣ ಕೆಮ್ಮಿದ. ಮೌನೇಶನ ಕೈ ತಾನಾಗಿಯೇ ಶೆಲ್ಫಿನ ಕಡೆ ಹೋಯಿತು. ಚೂಡಾಮಣಿ ಕನ್ನಡಕ ಏರಿಸಿ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹುಡುಕುತ್ತಿದ್ದುದು ಒಂದೇ ಒಂದನ್ನು: ಸಸ್ಯಾಹಾರದ ಹಸಿರು ಚುಕ್ಕೆ. ಸಿಕ್ಕಿತು. ಅವರ ಮುಖ ಅರಳಿತು. ಆಮೇಲೇ ಅವರು ಚಿತ್ರ ನೋಡಿದ್ದು.

"ಅರೆ, ನೀವೇ! ನೀವು ಇದನ್ನೇ ತಿಂದಿದ್ದಾ?"

"ಹೂಂ," ಎಂದಿದ್ದ ಮೌನೇಶ.

ಈಗ ಆ ಒಂದು 'ಹೂಂ' ಹುಡುಗನ ಕೊರಳಿಗೆ ಉರುಳಾಗಿತ್ತು. ಬೆಳಿಗ್ಗೆ ಗುಂಡಣ್ಣ ಹೇಳಿಯೇ ಕಳಿಸಿದ್ದ. "ಹೋಗು ಗುರು, ಹಣ್ಣು ಕೊಟ್ಟು ಮಾತಾಡಿಸ್ಕೊಂಡು ಬಾ. ಪುಡಿ ಸುದ್ದಿಗೆ ಹೋದ್ಯೋ, ನಾಳೆಯಿಂದ ಜಿಮ್ಮಿನ ಕಡೆ ತಲೆ ಹಾಕ್ಬೇಡ. ರೂಮೂ ಖಾಲಿ ಮಾಡು." ಸುದ್ದಗುಂಟೆಪಾಳ್ಯದ ಅವನ ರೂಮೂ ಗುಂಡಣ್ಣನದೇ.

ಮೌನೇಶ ಚೂಡಾಮಣಿಯವರ ಕಡೆ ನೋಡಿದ. ಅವರು ಕಣ್ಣು ಕೀಳದೆ ಇವನನ್ನೇ ನೋಡುತ್ತಿದ್ದರು. ಪುಡಿಯಲ್ಲಿ ದೋಷವಿಲ್ಲ ಎಂದು ಇವನ ಬಾಯಿಂದ ಬಂದರೆ ಮಗ ಸುಳ್ಳುಗಾರ. ದೋಷವಿದೆ ಎಂದರೆ, ದಿನವೂ ಬೆಳಿಗ್ಗೆ ದೇವರ ದೀಪ ಹಚ್ಚಿ ಬಂದು, ಹಾಲಿಗೆ ಅದನ್ನು ಕಲಸಿ ಕೊಟ್ಟವರು ಅವರೇ. ಎರಡರಲ್ಲಿ ಯಾವುದು ಬೇಕೆಂದು ಹೆತ್ತವಳನ್ನು ಕೇಳುವುದು ಹೇಗೆ?

"ಹೇಳಪ್ಪಾ," ಎಂದರು ಸೇತುರಾಮ್. "ತೊಂಬತ್ತು ದಿನ ತಿಂದೆ, ಏನೂ ಆಗ್ಲಿಲ್ಲ, ಅಲ್ವಾ? ಇವನ ಎದುರಿಗೇ ಹೇಳಿಬಿಡು. ಆಗಲಾದ್ರೂ ನಿಜ ಕಕ್ಕಲಿ."

ನಚಿಕೇತ ತಿರುಗಿ ನೋಡಿದ. ಅವನ ಹಳದಿ ಕಣ್ಣಲ್ಲಿ ಈಗಲೂ ಮೇಷ್ಟರ ಮೇಲಿನ ಗೌರವ ಇತ್ತು. ಮೌನೇಶನಿಗೆ ತಡೆಯಲಾಗಲಿಲ್ಲ.

"ನಾ ಅದನ್ನ ಒಂದ್ ದಿನಾನೂ ಬಾಯಾಗ ಇಟ್ಟಿಲ್ರಿ," ಎಂದ. ಐದು ವರ್ಷದಲ್ಲಿ ಕಲಿತ ಬೆಂಗಳೂರಿನ ಮಾತು ಎಲ್ಲೋ ಹೋಗಿ ಊರಿನ ಮಾತೇ ಬಂದುಬಿಟ್ಟಿತು. "ಚಲೋ ಇದ್ದ ಫೋಟೋನ ಮದ್ಲ ತಗದಾರ್ರಿ. ಆಮ್ಯಾಲ ಊರಿಗೆ ಕಳಿಸಿ, ಹೊಟ್ಟಿ ಬರಿಸ್ಕೊಂಡು ಬಾ ಅಂದ್ರು. ಇದು ನಮ್ಮಪ್ಪನ ಗರಡ್ಯಾಗ ಆದ ಮೈ. ನನ್ನ ನೋಡಿ ಇವನ್ನ ಸುಳ್ಳಗಾರ ಅನಬ್ಯಾಡ್ರಿ. ಸುಳ್ಳು ಹೇಳಿದಾಂವ ನಾನಽ ಅದೀನ್ರಿ."

ಹೊರಗೆ ಯಾರನ್ನೋ ತಳ್ಳುಗಾಡಿಯಲ್ಲಿ ಕರೆದೊಯ್ಯುವ ಸದ್ದು ಕೇಳಿ ದೂರವಾಯಿತು. ಸೇತುರಾಮ್ ಕೈ ಎತ್ತಿದರು, ಹೊಡೆಯುತ್ತಾರೇನೋ ಅನ್ನಿಸಿತು. ಹೊಡೆದಿದ್ದರೆ ಮೌನೇಶನಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವರು ಆ ಕೈಯನ್ನು ಮಂಚದ ಕಂಬಿಯ ಮೇಲಿಟ್ಟು, ಮೊದಲ ಸಲ ಕುರ್ಚಿಯಲ್ಲಿ ಕುಳಿತರು. ಮಗನ ಮುಖ ನೋಡಲಿಲ್ಲ.

"ಹೇಳಿದ್ನಲ್ಲಪ್ಪಾ," ಎಂದ ನಚಿಕೇತ, ಸಣ್ಣ ದನಿಯಲ್ಲಿ. ಅವನಿಗೆ ಅಳು ಬಂದಿತ್ತು. ಸಿಟ್ಟು ಮಾತ್ರ ಮೌನೇಶನ ಮೇಲಿತ್ತು. "ನೀವು ಹೋಗಿ ಸಾರ್."

ಡಾಕ್ಟರ್ ಸುರಭಿ ಬೇಗ ಬೇಗ ಬರೆದುಕೊಳ್ಳತೊಡಗಿದ್ದರು. "ಸರಿ. ಹಾಗಾದ್ರೆ ಪುಡೀನೇ ಅಂತ ಇಟ್ಕೊಂಡು ಮುಂದುವರೀತೀನಿ. ದಿನಕ್ಕೆ ಎಷ್ಟು ತಗೋತಿದ್ದೆ ನಚಿಕೇತ? ಒಂದು ಚಮಚ ಅಂತ ಬರ್ದಿದೆ."

"ಒಂದೇ ಡಾಕ್ಟರ್. ಅಮ್ಮನೇ ಕಲಸಿ ಕೊಡ್ತಿದ್ರು."

"ಒಂದಲ್ಲ," ಎಂದರು ಚೂಡಾಮಣಿ.

ಎಲ್ಲರೂ ಅವರ ಕಡೆ ತಿರುಗಿದರು. ಅವರು ಸೆರಗಿನ ಅಂಚನ್ನು ಮಡಿಸುತ್ತಾ, ಬಿಡಿಸುತ್ತಾ, ಅಡುಗೆಯ ಅಳತೆ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು.

"ಮೊದಮೊದಲು ಒಂದೇ ಹಾಕ್ತಿದ್ದೆ. ತೊಂಬತ್ತು ದಿನ ಆಯ್ತು, ಏನೂ ಮೈ ಹತ್ತಲಿಲ್ಲ. ಇವನು ಕನ್ನಡಿ ಮುಂದೆ ನಿಂತು ಬೇಜಾರು ಮಾಡ್ಕೋತಿದ್ದ. ಬೆಳೆಯೋ ಹುಡುಗ, ಸಾಲದೇನೋ ಅಂದ್ಕೊಂಡು ಮೂರು ಚಮಚ ಹಾಕೋಕೆ ಶುರು ಮಾಡ್ದೆ, ತುಂಬಿ ತುಂಬಿ. ರಾತ್ರಿ ಹಾಲಿಗೂ ಹಾಕ್ತಿದ್ದೆ. ಇವನಿಗೆ ಹೇಳಿರ್ಲಿಲ್ಲ. ಹೇಳಿದ್ರೆ ಕುಡೀತಾನೋ ಇಲ್ವೋ ಅಂತ."

"ಎಷ್ಟು ದಿನ?"

"ಇವನು ಹಾಸಿಗೆ ಹಿಡಿಯೋವರೆಗೂ. ಹಸಿರು ಚುಕ್ಕೆ ಇತ್ತಲ್ಲಮ್ಮಾ. ಅದೊಂದು ನೋಡ್ಕೊಂಡಿದ್ದೆ."

ಡಾಕ್ಟರ್ ಅವರ ಭುಜ ಮುಟ್ಟಿ, ಫೋನಿನಲ್ಲಿ ಯಾರನ್ನೋ ಕರೆಯುತ್ತಾ ಹೊರಗೆ ಹೋದರು. ಮೌನೇಶನೂ ಹೊರಟ. ಬಾಗಿಲವರೆಗೆ ಹೋಗಿ, "ಮೇಡಂ," ಎಂದ. ತಪ್ಪಾಯಿತು ಎಂಬುದು ತೀರಾ ಚಿಕ್ಕ ಮಾತಾಗಿ ಕಂಡು, ನಾಚಿಕೆಯಿಂದ ಅಲ್ಲೇ ನಿಂತ. ಚೂಡಾಮಣಿ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಒಬ್ಬಳು ಅವನನ್ನು ಸರಿಸಿಕೊಂಡು ಒಳಗೆ ಬಂದು, ಮೇಜಿನ ಮೇಲೆ ಗಂಜಿಯ ಬಟ್ಟಲಿಟ್ಟಳು.

"ಬಿಸಿಯಾಗಿರುವಾಗಲೇ ಕುಡಿಸಿಬಿಡಿ ಆಂಟಿ."

ಚೂಡಾಮಣಿ ಬಟ್ಟಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ನಚಿಕೇತ ತಲೆದಿಂಬಿಗೆ ಒರಗಿ ಎದ್ದು ಕುಳಿತ. ಅವರು ಒಂದು ಚಮಚ ತೆಗೆದು, ಊದಿ, ತಮ್ಮ ಬಾಯಿಗೇ ಹಾಕಿಕೊಂಡರು. ಎಂಜಲು ಚಮಚವನ್ನು ಮತ್ತೆ ಬಟ್ಟಲಿಗೇ ಬಿಟ್ಟರು. ಸೇತುರಾಮ್ ನೋಡಿದರೂ ಏನೂ ಅನ್ನಲಿಲ್ಲ.

"ಕೊಡಮ್ಮಾ," ಎಂದ ನಚಿಕೇತ.

"ತಡಿ ಪುಟ್ಟಾ. ಸ್ವಲ್ಪ ಹೊತ್ತು ತಡಿ."

ಅವರು ಗೋಡೆಯ ಗಡಿಯಾರದ ಕಡೆ ಕಣ್ಣಿಟ್ಟು ಕುಳಿತರು. ಗಂಜಿಯ ಮೇಲೆ ತೆಳ್ಳಗೆ ಕೆನೆ ಕಟ್ಟತೊಡಗಿತು.