ಗ್ರಾಫಿಕ್ಸ್ ಕಾರ್ಡಿನ ಮೇಲಿನ ಬೊಟ್ಟು

ಕೀರ್ತನ್ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ. ಅಷ್ಟರೊಳಗೆ ಉಡುಪಿ ಬನ್ನಂಜೆಯ ಅವನ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ನಾನು ಅವನನ್ನು ಬಾಯಿಗೆ ಬಂದಂತೆ ಬೈದಾಗಿತ್ತು. ಹನ್ನೆರಡು ದಿನದ ಹಿಂದೆ ಅವನೇ ಕೊಟ್ಟು, ಅವನೇ ಕೂರಿಸಿದ ಗ್ರಾಫಿಕ್ಸ್ ಕಾರ್ಡ್ ಆಯುಧಪೂಜೆಯ ಸಂಜೆ ಸತ್ತುಹೋಗಿತ್ತು. ಅಂಗಡಿಯಲ್ಲಿದ್ದ ನಾಲ್ಕೈದು ಗಿರಾಕಿಗಳು ನನ್ನ ಪರವಾಗಿ ತಲೆಯಾಡಿಸುತ್ತಿದ್ದರು.

"ಇದು ಎಂತ ಅಕ್ಕ?" ಎಂದ.

ಬಗ್ಗಿ ನೋಡಿದೆ. ಕಾರ್ಡಿನ ಅಂಚಿನಲ್ಲಿ ಗಂಧ, ಗಂಧದ ಮೇಲೆ ಕುಂಕುಮದ ಬೊಟ್ಟು. ಬದಿಯಲ್ಲಿ ಬಾಡಿದ ಸೇವಂತಿಗೆಯ ಒಂದು ಎಸಳು.

"ಗಂಧ ತೇಯುವುದು ನೀರಿನಲ್ಲಿ ಅಲ್ವಾ? ವಾಟರ್ ಡ್ಯಾಮೇಜ್. ಇದಕ್ಕೆ ವಾರಂಟಿ ಬರುವುದಿಲ್ಲ."

ತಲೆಯಾಡಿಸುತ್ತಿದ್ದವರಲ್ಲಿ ಒಬ್ಬ ನಕ್ಕ. ನಾನು ಕಂಪ್ಯೂಟರನ್ನು ಎದೆಗವುಚಿಕೊಂಡು ಹೊರಗೆ ಬಂದೆ. ಮಗಳು ದೀಕ್ಷಿತಾ ತಗಡನ್ನು ಹಿಡಿದುಕೊಂಡು ಹಿಂದೆ ಬಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಅವಳು ಮನೆಗಳ ಒಳವಿನ್ಯಾಸದ ಡಿಪ್ಲೊಮಾ ಮುಗಿಸಿದ್ದಾಳೆ. ಮಣಿಪಾಲದ ಒಂದು ಆಫೀಸಿನವರು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಒಂದು ಪರೀಕ್ಷೆ ಕೊಟ್ಟಿದ್ದರು. ಅವರು ಕೊಟ್ಟ ನಕ್ಷೆಯ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆ ನಡೆದು ನೋಡಿದಂತೆ ಎರಡು ನಿಮಿಷದ ವಿಡಿಯೋ ಮಾಡಿ ಸೋಮವಾರ ಸಂಜೆ ಐದರ ಒಳಗೆ ಕಳುಹಿಸಬೇಕು. ಮನೆ ಕಟ್ಟಿ ಆಗಿತ್ತು. ವಿಡಿಯೋ ಮಾತ್ರ ಬಾಕಿ. ನಮ್ಮ ಎಂಟು ವರ್ಷದ ಕಂಪ್ಯೂಟರ್ ಕಾರ್ಡ್ ಇಲ್ಲದೆ ಆ ವಿಡಿಯೋ ಮಾಡಲು ಒಂಬತ್ತು ದಿನ ಬೇಕೆಂದು ತೋರಿಸುತ್ತಿತ್ತು. ಅಂದು ಶುಕ್ರವಾರ.

ಬೊಟ್ಟು ಇಟ್ಟದ್ದು ಯಾರೆಂದು ಕೇಳಬೇಕಾಗಿರಲಿಲ್ಲ. ನನ್ನ ಗಂಡ ತಾರಾನಾಥ ಕಾರ್ಕಳ-ಉಡುಪಿ ಬಸ್ಸಿನ ಡ್ರೈವರ್. ಆಯುಧಪೂಜೆ ಎಂದರೆ ಅವರಿಗೆ ಕತ್ತಿ, ಮಿಕ್ಸಿ, ಸ್ಕೂಟರ್, ನನ್ನ ಹೊಲಿಗೆ ಮಿಶನ್ ಯಾವುದನ್ನೂ ಬಿಡಲಿಕ್ಕಿಲ್ಲ. ಪ್ರತಿ ವರ್ಷ ಕಂಪ್ಯೂಟರಿಗೆ ಹೊರಗಿನಿಂದ ಬೊಟ್ಟು ಇಡುತ್ತಿದ್ದರು. ಈ ಸಲ ಹೊಸತು ಬಂದದ್ದು ಒಳಗಲ್ಲವೇ? ತಗಡು ಬಿಚ್ಚಿ ಹೊಸತಕ್ಕೇ ಇಟ್ಟಿದ್ದರು.

ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಅವರ ಬಸ್ಸು ನಿಂತಿತ್ತು. ಕೆಳಗಿನಿಂದಲೇ ಬೈಯಲು ಶುರು ಮಾಡಿದೆ. ಹಾಸ್ಟೆಲ್ ಮೆಸ್ಸಿನಲ್ಲಿ ದಿನಕ್ಕೆ ಆರುನೂರು ಚಪಾತಿ ಲಟ್ಟಿಸುವ ಕೈ ಇದು, ಯಾವುದೋ ಮಿಶನ್ನಿಗೆ ಗಂಧ ಹಚ್ಚಿ ಹಾಳು ಮಾಡಲಿಕ್ಕೆ ನಾನು ದುಡಿಯುವುದಾ ಎಂದೆ. ಇನ್ನೂ ಏನೇನೋ ಅಂದೆ. ಕಂಡಕ್ಟರ್ ಮುಖ ತಿರುಗಿಸಿಕೊಂಡ. ಕಿಟಕಿಗಳಲ್ಲಿ ತಲೆಗಳು ಕಾಣಿಸಿದವು. ಕೊನೆಗೆ ನಾನು ಹೇಳಿದ್ದು ಇದು:

"ನಿಮ್ಮ ಭಕ್ತಿಯಲ್ಲಿ ನನ್ನ ಮಗಳ ಕೆಲಸ ಹೋಯಿತು. ಇನ್ನು ಮನೆಯಲ್ಲಿ ಯಾವುದನ್ನೂ ಮುಟ್ಟಬೇಡಿ."

ಅವರು ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡರು. ಸಮಯವಾಯಿತು, ಬಸ್ಸು ಹೊರಟಿತು.

ಶನಿವಾರ ಮೆಸ್ಸಿನಲ್ಲಿ ಪಾತ್ರೆಗಳ ಮೇಲೆ ನನ್ನ ಸಿಟ್ಟು ಹೋಗುತ್ತಿತ್ತು. ಹಾಸ್ಟೆಲಿನ ಎಲೆಕ್ಟ್ರಿಷಿಯನ್ ಇಮ್ಯಾನುಯೆಲ್, ಆಫೀಸಿನ ಕಂಪ್ಯೂಟರುಗಳನ್ನೂ ಅವನೇ ನೋಡುವುದು, ಚಹಾಕ್ಕೆ ಬಂದವನು ವಿಷಯ ಕೇಳಿಕೊಂಡ. ಅಂಚಿಗೆ ಹಚ್ಚಿದ ಗಂಧದಿಂದ ಕಾರ್ಡ್ ಸಾಯುವುದಾ, ನನಗೆ ನಂಬಿಕೆ ಇಲ್ಲ ಬೇಬಿಯಕ್ಕ, ತನ್ನಿ ನೋಡುವ ಎಂದ. ಸಂಜೆ ಕಾಪುವಿನ ನಮ್ಮ ಮನೆಗೇ ಬಂದ. ಬೊಟ್ಟು ಕಾರ್ಡಿನ ಅಂಚಿನ ತಗಡಿನ ಪಟ್ಟಿಯ ಮೇಲಿತ್ತು, ವಿದ್ಯುತ್ ಹರಿಯುವ ಜಾಗಕ್ಕೆ ಮುಟ್ಟಿಯೇ ಇರಲಿಲ್ಲ. ಅವನು ಅದನ್ನು ಬಿಟ್ಟು ಕಾರ್ಡಿಗೆ ಹೋಗುವ ವಯರನ್ನು ಎಳೆದ. ಜೋಡಣೆಯ ಬಿಳಿ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು.

"ಈ ಕಾರ್ಡಿಗೆ ಪ್ರತ್ಯೇಕ ಕರೆಂಟು ಬೇಕು. ನಿಮ್ಮ ಹಳೇ ಪವರ್ ಸಪ್ಲೈಗೆ ಅಷ್ಟು ತಾಕತ್ತು ಇಲ್ಲ. ಅಂಗಡಿಯವ ಒಂದು ಜಾಯಿಂಟ್ ವಯರ್ ಸಿಕ್ಕಿಸಿ ಕಳುಹಿಸಿದ್ದಾನೆ. ಮನೆಗೆ ಬೆಂಕಿ ಬೀಳದ್ದು ನಿಮ್ಮ ಪುಣ್ಯ."

ದೀಕ್ಷಿತಾ ಆಗ ಬಾಯಿ ಬಿಟ್ಟಳು. ಹಳೇ ಕಂಪ್ಯೂಟರಿಗೆ ಹೊಂದುವ, ಬೇರೆ ವಯರೇ ಬೇಡದ ಸಣ್ಣ ಕಾರ್ಡಿನ ಹೆಸರನ್ನು ಅವಳು ಚೀಟಿಯಲ್ಲಿ ಬರೆದು ಕೊಟ್ಟಿದ್ದಳಂತೆ. ಅದಕ್ಕಿಂತ ಇದು ದೊಡ್ಡದು, ಅದೇ ರೇಟಿಗೆ ಸಿಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ ತಂಗಿ ಎಂದು ಕೀರ್ತನ್ ಇದನ್ನು ದಾಟಿಸಿದ್ದ. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಆಗಲೇ ಅಪ್ಪನಿಗೆ ಬೈದು ಆಗಿತ್ತು" ಎಂದಳು.

ರಾತ್ರಿ ಊಟದ ಹೊತ್ತಿಗೆ ತಾರಾನಾಥರಿಗೆ ವಯರಿನ ವಿಷಯ ಹೇಳಿದೆ. ಬೊಟ್ಟು ಅಂಚಿನ ಪಟ್ಟಿಗೆ ಮಾತ್ರ ಇಟ್ಟದ್ದೆಂದು ನಿನ್ನೆಯೇ ಹೇಳಬಾರದಿತ್ತಾ ಎಂದೂ ಕೇಳಿದೆ.

"ಹೇಳಿದ್ದರೆ ನೀನು ಕೇಳುತ್ತಿದ್ದೆಯಾ?" ಎಂದು ಅನ್ನ ಕಲಸಿದರು.

ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಜನರ ಎದುರು ಬೈದದ್ದನ್ನು ಅಡುಗೆಮನೆಯಲ್ಲಿ ಹಿಂತೆಗೆದುಕೊಳ್ಳುವುದು ಸರಿಯೂ ಅಲ್ಲ. ಸಿಟ್ಟು ಇಮ್ಮಡಿಯಾಯಿತು, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಆದಿತ್ಯವಾರ ಅಂಗಡಿಗೆ ರಜೆ. ಸೋಮವಾರ ಮೆಸ್ಸಿಗೆ ಬರುವುದಿಲ್ಲವೆಂದು ಹೇಳಿ, ಒಂಬತ್ತೂವರೆಗೆ ಶಟರ್ ಏಳುವಾಗ ನಾನೂ ದೀಕ್ಷಿತಾಳೂ ಅಲ್ಲಿದ್ದೆವು. ಸುಟ್ಟ ವಯರನ್ನು ಕೌಂಟರಿನ ಮೇಲೆ ಇಟ್ಟೆ. ಕೀರ್ತನ್ ಅದನ್ನು ನೋಡಿಯೂ ನೋಡದವನಂತೆ ಮತ್ತೆ ನೀರು, ಗಂಧ ಎಂದ. ಅವನ ಹಿಂದೆ ಮಾರಾಟಕ್ಕಿಟ್ಟ ಆರು ಕಂಪ್ಯೂಟರು, ಬಿಲ್ಲಿಂಗ್ ಮಿಶನ್, ಪ್ರಿಂಟರ್. ಎಲ್ಲದರ ಹಣೆಯಲ್ಲೂ ಗಂಧ, ಕುಂಕುಮ. ಶುಕ್ರವಾರ ಮೊದಲು ಸಿಟ್ಟಿನಲ್ಲಿ, ಆಮೇಲೆ ನಾಚಿಕೆಯಲ್ಲಿ ನಾನು ಇದನ್ನು ನೋಡಿಯೇ ಇರಲಿಲ್ಲ.

"ನಿಮ್ಮದಕ್ಕೆ ಹಚ್ಚಿದರೆ ಪೂಜೆ, ನಮ್ಮದಕ್ಕೆ ಹಚ್ಚಿದರೆ ವಾಟರ್ ಡ್ಯಾಮೇಜಾ?" ಎಂದೆ. ಜೋರಾಗಿ ಹೇಳಲಿಲ್ಲ. ಆದರೂ ಒಳಗೆ ರಿಪೇರಿ ಮಾಡುತ್ತಿದ್ದ ಹುಡುಗಿ ಎದ್ದು ಬಂದು ನೋಡಿದಳು.

ಅವನು ವರಸೆ ಬದಲಿಸಿದ. ಕಾರ್ಡನ್ನು ಕಂಪೆನಿಗೆ ಕಳುಹಿಸುತ್ತೇನೆ, ಹದಿನೈದು ದಿನ ಕೊಡಿ ಅಕ್ಕ ಎಂದ. ನನ್ನ ಮಗಳಿಗೆ ಇರುವುದು ಹದಿನೈದು ದಿನ ಅಲ್ಲ, ಸಂಜೆ ಐದರವರೆಗೆ ಎಂದೆ. ಅದಕ್ಕೆ ನಾನು ಎಂತ ಮಾಡಲಿ ಎಂದು ಕೈ ಚೆಲ್ಲಿದ.

ಗಾಜಿನ ಹತ್ತಿರ ಬಣ್ಣಬಣ್ಣದ ದೀಪ ಉರಿಯುವ ಒಂದು ದೊಡ್ಡ ಕಂಪ್ಯೂಟರ್ ಇತ್ತು, ಗಿರಾಕಿಗಳಿಗೆ ಆಟ ಆಡಿಸಿ ತೋರಿಸಲಿಕ್ಕೆ. ಅದರ ಎದುರಿನ ಕುರ್ಚಿ ಎಳೆದು ದೀಕ್ಷಿತಾಳನ್ನು ಕೂರಿಸಿದೆ.

"ಇವಳು ಇಲ್ಲಿಯೇ ಮುಗಿಸುತ್ತಾಳೆ. ಬೇಡ ಎಂದಾದರೆ ಪೊಲೀಸರನ್ನು ಕರೆಯಿರಿ. ಈ ವಯರನ್ನು ನಾನೇ ಅವರಿಗೆ ತೋರಿಸುತ್ತೇನೆ."

ಕೀರ್ತನ್ ಯಾರಿಗೂ ಫೋನ್ ಮಾಡಲಿಲ್ಲ. ದೀಕ್ಷಿತಾ ತಾನು ಕಟ್ಟಿದ ಮನೆ ಇದ್ದ ಪೆನ್‌ಡ್ರೈವ್ ಹಾಕಿದಳು. ಅವಳ ಸಾಫ್ಟ್‌ವೇರ್ ಇಳಿಸುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಪರದೆಯಲ್ಲಿ ಒಂದೊಂದೇ ಚಿತ್ರ ತಯಾರಾಗತೊಡಗಿತು. ನಾನು ಬಾಗಿಲ ಬದಿಯ ಸ್ಟೂಲಿನಲ್ಲಿ ಕುಳಿತೆ. ಬಂದ ಗಿರಾಕಿಗಳೆಲ್ಲ ಕೇಳಿದರು. ಕೇಳಿದವರಿಗೆಲ್ಲ ವಯರು ತೋರಿಸಿದೆ. ಇಬ್ಬರು ಏನೂ ಕೊಳ್ಳದೆ ಹೋದರು. ಮಧ್ಯಾಹ್ನ ಕೀರ್ತನ್ ಚಹಾ ತರಿಸಿದ. ನಾನು ಮುಟ್ಟಲಿಲ್ಲ. ದೀಕ್ಷಿತಾಳಿಗೂ ಪುರುಸೊತ್ತು ಇರಲಿಲ್ಲ.

ಎರಡೂವರೆಗೆ ಕರೆಂಟು ಹೋಯಿತು. ನನ್ನ ಜೀವವೂ ಹೋದಂತಾಯಿತು. ಅಂಗಡಿಯ ಯುಪಿಎಸ್ ಹಿಡಿಯಿತು. ಉಳಿದದ್ದನ್ನೆಲ್ಲ ಆರಿಸಿ ಎಂದು ರಿಪೇರಿಯ ಹುಡುಗಿಗೆ ಹೇಳಿದ್ದು ಕೀರ್ತನನೇ. ಹೆದರಿಕೆಯಿಂದ ಹೇಳಿದನೋ, ಪಾಪ ಎಂದು ಹೇಳಿದನೋ ನನಗೆ ಗೊತ್ತಿಲ್ಲ. ಫ್ಯಾನುಗಳೂ ನಿಂತವು. ಕರೆಂಟು ಬರುವವರೆಗೆ ಸೆಕೆಯಲ್ಲಿ ನಾಲ್ವರೂ ಆ ಒಂದು ಪರದೆ ನೋಡುತ್ತ ಕುಳಿತೆವು.

ನಾಲ್ಕು ನಲವತ್ತಕ್ಕೆ ವಿಡಿಯೋ ಮಣಿಪಾಲದ ಆಫೀಸಿಗೆ ಹೋಯಿತು. ಹೋದದ್ದನ್ನು ಎರಡು ಸಲ ನೋಡಿ ದೀಕ್ಷಿತಾ ಕುರ್ಚಿಗೆ ಒರಗಿದಳು. ಅವಳ ಬೆನ್ನು ಇಡೀ ಒದ್ದೆಯಾಗಿತ್ತು.

ಕೀರ್ತನ್ ಒಂದು ಕಾಗದದಲ್ಲಿ, ವಾರದ ಒಳಗೆ ಚೀಟಿಯಲ್ಲಿದ್ದ ಕಾರ್ಡನ್ನೇ ಕೊಡುತ್ತೇನೆಂದು ಬರೆದು ಸೀಲು ಒತ್ತಿ ಕೊಟ್ಟ. "ಈಗ ಸಮಾಧಾನ ಆಯಿತಲ್ವಾ ಅಕ್ಕ?"

"ಇಲ್ಲ" ಎಂದೆ.

ಹೊರಗೆ ಬಂದು ಕಾಪುವಿನ ಬಸ್ಸಿಗೆ ಹೋಗುವ ಬದಲು ಸರ್ವಿಸ್ ಬಸ್‌ಸ್ಟ್ಯಾಂಡಿಗೆ ನಡೆದೆ. ಐದೂಕಾಲಕ್ಕೆ ಕಾರ್ಕಳದಿಂದ ಅವರ ಬಸ್ಸು ಬರುತ್ತದೆ, ಅದೇ ಕಂಡಕ್ಟರ್ ಇರುತ್ತಾನೆ, ಕಿಟಕಿಗಳಲ್ಲಿ ಜನರೂ ಇರುತ್ತಾರೆ. ಎಂತ ಹೇಳುತ್ತಿ ಎಂದು ದೀಕ್ಷಿತಾ ಕೇಳಿದಳು. ತಪ್ಪಾಯಿತು ಎಂದು, ಬೈದಷ್ಟೇ ಜೋರಾಗಿ ಹೇಳುತ್ತೇನೆ ಎಂದೆ.