ಪರವಾಗಿ ಬಂದವನು

ಅಫೀಫೆ ಬಾವುಟದ ಒಂದು ತುದಿ ಹಿಡಿದು ಎಳೆದಳು; ಇನ್ನೊಂದು ತುದಿಯನ್ನು ಮಿತ್ರಿ ಬಿಡಲಿಲ್ಲ. ಶವಪೆಟ್ಟಿಗೆಯ ಆಚೆ ಅವನು, ಈಚೆ ಇವಳು, ಒಣಗಿದ ಹೊದಿಕೆ ಮಡಚಲು ನಿಂತ ಗಂಡಹೆಂಡಿರ ಹಾಗೆ. ನಿಜವಾದ ಗಂಡ ನಖ್ಲೆ ನಡುವೆ ಮಲಗಿದ್ದ, ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು.

"ಬಿಡಿ, ಸಿಹಾಂ ಅಮ್ಮ," ಎಂದ ಮಿತ್ರಿ, ಮಗಳ ಹೆಸರು ಹಿಡಿದು ಕರೆದು. "ಇದು ಗೌರವ."

"ಗೌರವ ನಿಮ್ಮನೇಲಿಟ್ಕೊಳ್ಳಿ. ನನ್ನ ಗಂಡನ ಮೇಲೆ ಬೇಡ."

ಮಿತ್ರಿ ಮೇಲ್ಕೇರಿಯ ಪಕ್ಷದ ಮುಖಂಡ, ಹೆಸರಿನಲ್ಲಿ ಮಾತ್ರ ಮಿತ್ರ. ಮುಂದಿನ ವಾರ ಪುರಸಭೆಯ ಚುನಾವಣೆ. ಕ್ಫರ್‌ತೂನ್ ಊರಿನಲ್ಲಿ ನಖ್ಲೆಯ ದನಿ ಕೇಳದ ಕಿವಿಯೇ ಇರಲಿಲ್ಲವಾದ್ದರಿಂದ, ಅವನ ಪೆಟ್ಟಿಗೆಯ ಹಿಂದೆ ಇಡೀ ಊರು ನಡೆಯುವುದು ಖಂಡಿತ. ಊರು ಯಾವ ಬಾವುಟದ ಹಿಂದೆ ನಡೆಯಿತು ಎನ್ನುವುದು ಸಂಜೆಯ ಟಿವಿಯಲ್ಲಿ ಬಂದರೆ ಸಾಕು. ಮೇಲ್ಕೇರಿಯವರ ದೊರೆಗಳು ಸಮುದ್ರದ ಆಚೆ ಇದ್ದರು, ಕೆಳಕೇರಿಯವರ ದೊರೆಗಳು ಬೆಟ್ಟದ ಆಚೆ. ಅಲ್ಲಿ ಯಾರೋ ಸೀನಿದರೆ ಇಲ್ಲಿ ಇವರು ಮೂಗು ಒರೆಸಿಕೊಳ್ಳುತ್ತಿದ್ದರು.

ಅಫೀಫೆಗೆ ಟಿವಿಯೂ ಬೇಕಿರಲಿಲ್ಲ, ದೊರೆಗಳೂ ಬೇಕಿರಲಿಲ್ಲ. ಅವಳ ಒಬ್ಬಳೇ ಮಗಳು ಸಿಹಾಂ ಕೆಳಕೇರಿಯ ಸೊಸೆ. ಹೋದ ಶರತ್ಕಾಲದ ಗುಂಡಿನ ಜಗಳದಲ್ಲಿ ಸಿಹಾಮಳ ಮೈದುನನ ಬಲಗಾಲು ಹೋಗಿತ್ತು. ಹಾರಿಸಿದವರು ಇದೇ ಬಾವುಟದವರು. ಬೆಳಿಗ್ಗೆ ಫೋನಿನಲ್ಲಿ ಮಗಳು ಅತ್ತಿರಲಿಲ್ಲ. ಅಳದೇ ಮಾತಾಡಿದ್ದೇ ತಾಯಿಗೆ ಇರಿದಿತ್ತು.

"ಅಮ್ಮ, ಅಪ್ಪನ ಮೇಲೆ ಅದಿದ್ರೆ ನಾನು ಈ ಮನೆಯಿಂದ ಹೇಗೆ ಕಾಲು ಹೊರಗಿಡ್ಲಿ? ಕಾಲಿಲ್ಲದ ಹುಡುಗನ ಮುಂದೇನೇ ಹಾದು ಬರ್ಬೇಕು."

ಏನೂ ಇರುವುದಿಲ್ಲ, ಮುಚ್ಚಳ ಮುಚ್ಚುವ ಮೊದಲು ಬಂದು ಅಪ್ಪನ ಮುಖ ನೋಡಿಬಿಡು ಎಂದು ಅಫೀಫೆ ಮಾತು ಕೊಟ್ಟಿದ್ದಳು. ಕೊಟ್ಟು ಫೋನಿಡುವಷ್ಟರಲ್ಲಿ ಮಿತ್ರಿಯ ಹುಡುಗರು ಬಾವುಟ ತಂದು ಶವದ ಎದೆಯವರೆಗೆ ಹೊದಿಸಿಯೂ ಆಗಿತ್ತು.

"ನನ್ನ ತಮ್ಮ ಬದುಕಿದ್ದಾಗ ಚಳಿಗೇಂತ ಒಂದು ಕಂಬಳಿ ತಂದ್ಕೊಡ್ಲಿಲ್ಲ," ಎಂದಳು ಮೂಲೆಯ ಕುರ್ಚಿಯಿಂದ ನಖ್ಲೆಯ ಅಕ್ಕ ವಾರ್ದೆ. "ಈಗ ಹೊದಿಸೋಕೆ ಬಂದವ್ರೆ."

ಹೆಂಗಸರು ಕರ್ಚೀಫಿನ ಹಿಂದೆ ನಕ್ಕರು. ಮಿತ್ರಿ ನಗಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಸುದ್ದಿ ಬಂತು: ಕೆಳಕೇರಿಯ ಫಾಯೆಕ್ ತನ್ನವರನ್ನು ಕಟ್ಟಿಕೊಂಡು ಬರುತ್ತಿದ್ದಾನೆ, ಅವರೂ ಬಾವುಟ ತರುತ್ತಿದ್ದಾರೆ, ಬಾವುಟವೊಂದನ್ನೇ ತರುತ್ತಿದ್ದಾರೆ ಎಂದು ಹೇಳಲಾಗುವುದಿಲ್ಲ. ಎದುರುಮನೆಯವರು ಕಿಟಕಿಯ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ಅಫೀಫೆ ತುದಿಯನ್ನು ಬಿಟ್ಟಳು. ಗಂಡನ ತಲೆಗೂದಲು ಸರಿಮಾಡಿದಳು. ಅದು ಮೊದಲೇ ಸರಿಯಾಗಿತ್ತು.

*

ನಖ್ಲೆಯ ಕಸುಬು ಕೂಗುವುದು. ಹಳೆಯ ಮರ್ಸಿಡಿಸ್ ಕಾರಿನ ನೆತ್ತಿಗೆ ಎರಡು ಧ್ವನಿವರ್ಧಕ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ಸೌತೆಕಾಯಿ ಬಂದಿದ್ದು, ನೀರು ನಿಂತಿದ್ದು, ಮೇಕೆ ಕಳೆದಿದ್ದು, ಮುದುಕ ತೀರಿಕೊಂಡಿದ್ದು ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಚುನಾವಣೆ ಬಂದರೆ ಬೆಳಿಗ್ಗೆ ಮೇಲ್ಕೇರಿಯವರ ಪರ, ಮಧ್ಯಾಹ್ನ ಕೆಳಕೇರಿಯವರ ಪರ. ಯಾರೂ ಆಕ್ಷೇಪಿಸುತ್ತಿರಲಿಲ್ಲ, ಗಂಟೆಗೆ ಪಕ್ಷವಿರುತ್ತದೆಯೇ, ಹೊಡೆದವರಿಗೆಲ್ಲ ಮೊಳಗುತ್ತದೆ.

ಅವನ ನಿಜವಾದ ಚಟ ಬೇರೆ. ನಖ್ಲೆ ನಕಲು ಮಾಡಿದರೆ ಅಸಲು ನಾಚಬೇಕು. ಹರೆಯದಲ್ಲಿ ಬೈರೂತಿಗೆ ಹೋಗಿ, ಪರದೇಶದ ಧಾರಾವಾಹಿಗಳಿಗೆ ನಮ್ಮ ಮಾತು ಕೂಡಿಸುವ ಸ್ಟುಡಿಯೊ ಒಂದರಲ್ಲಿ ದುಡಿದಿದ್ದ. ನಾಯಕನ ದನಿ ಅವನ ಗೆಳೆಯ ಎದ್ಮೋನನಿಗೆ. ನಖ್ಲೆಗೆ ಸಿಗುತ್ತಿದ್ದುದು ಸಂತೆಯ ಗದ್ದಲ, ಮದುವೆಮನೆಯ ಗುಜುಗುಜು, ಓಡುವ ಜನ. ಒಬ್ಬನೇ ನಿಂತು ಇಡೀ ಗುಂಪಾಗುತ್ತಿದ್ದ. ಸ್ಟುಡಿಯೊ ಮುಚ್ಚಿದ ಮೇಲೆ ಊರಿಗೆ ಬಂದ. ಗುಂಪು ಮಾತ್ರ ಅವನೊಳಗೇ ಉಳಿಯಿತು.

ಅಡುಗೆಮನೆಯಲ್ಲಿ ಅವನು ರಾಯಭಾರಿ. ಬೇಳೆ-ಅನ್ನ ತಳ ಹಿಡಿದ ವಾಸನೆ ಬಂದರೆ ಬಾಗಿಲಲ್ಲಿ ನಿಂತು, ಇಲ್ಲದ ಟೈ ಸರಿಮಾಡಿಕೊಂಡು, ಸಮುದ್ರದಾಚೆಯ ಉಚ್ಚಾರದಲ್ಲಿ ಶುರುಮಾಡುತ್ತಿದ್ದ:

"ಮಾನ್ಯ ಅಫೀಫೆಯವರೇ, ತಮ್ಮ ಪಾತ್ರೆಯೊಳಗಿನ ಬೆಳವಣಿಗೆಗಳ ಬಗ್ಗೆ ನಮ್ಮ ಸರ್ಕಾರ ತೀವ್ರ ಕಳವಳ ವ್ಯಕ್ತಪಡಿಸುತ್ತದೆ. ಎರಡೂ ಕಡೆಯವರು ಸಂಯಮ ತೋರಬೇಕು."

"ಯಾವ ಎರಡು ಕಡೆ?"

"ಬೇಳೆ ಮತ್ತು ಬೆಂಕಿ."

ಶರತ್ಕಾಲದ ಜಗಳದ ದಿನ ಅವನು ಮನೆಯಲ್ಲಿರಲಿಲ್ಲ. ಎರಡು ಕೇರಿಗಳ ನಡುವಿನ ರಸ್ತೆಯಲ್ಲಿ ಗುಂಡು ಹಾರುತ್ತಿದ್ದಾಗ ಆಲಿವ್ ತೋಟದ ಮರೆಯಲ್ಲಿ ಕಾರು ನಿಲ್ಲಿಸಿ, ಗ್ಯಾಸ್ ಸಿಲಿಂಡರ್ ಮಾರುವವನ ದನಿಯಲ್ಲಿ ಕೂಗಿದ್ದ. ಊರಿಗೆ ಗ್ಯಾಸ್ ಬಂದು ತಿಂಗಳುಗಳೇ ಆಗಿದ್ದವು. ಎರಡೂ ಕಡೆಯ ಹೆಂಗಸರು ಖಾಲಿ ಸಿಲಿಂಡರ್ ಉರುಳಿಸಿಕೊಂಡು ರಸ್ತೆಗೆ ಬಂದುಬಿಟ್ಟರು. ತಮ್ಮ ತಾಯಂದಿರ ಮೇಲೆ ಹಾರಿಸಲಾಗದೆ ಗಂಡಸರು ಬಂದೂಕು ಇಳಿಸಿದರು. ಗ್ಯಾಸ್ ಬಂದಿರಲೇ ಇಲ್ಲ. ಆ ಹೆಂಗಸರು ವಾರವಿಡೀ ನಖ್ಲೆಗೆ ಶಾಪ ಹಾಕಿದರು.

ಮೈದುನನ ಕಾಲಿಗೆ ಗುಂಡು ಬಿದ್ದದ್ದು ಅದಕ್ಕಿಂತ ಸ್ವಲ್ಪ ಮುಂಚೆ. "ಇನ್ನೂ ಬೇಗ ಕೂಗ್ಬೇಕಿತ್ತು," ಎಂದು ಆ ರಾತ್ರಿ ನಖ್ಲೆ ಹೇಳಿದ್ದು ತನ್ನ ಸ್ವಂತ ದನಿಯಲ್ಲಿ. ಅಫೀಫೆಗೆ ಅದು ಯಾರ ದನಿಯೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು.

*

ಎದ್ಮೋನ್ ಬಂದದ್ದು ಟ್ಯಾಕ್ಸಿಯಲ್ಲಿ. ಕಪ್ಪು ಸೂಟು, ರೇಷ್ಮೆಯ ಟೈ, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ. ಅವನ ದನಿ ನಾಡಿಗೆಲ್ಲ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಮಿತ್ರಿಯ ಕಡೆಯವರು ತಾವು ಯಾರೆಂದು ಕೇಳಿದ್ದಕ್ಕೆ, ದುಃಖದಲ್ಲಿದ್ದ ಮನುಷ್ಯ ಚುಟುಕಾಗಿ ಉತ್ತರ ಕೊಟ್ಟ:

"ನಾನು ಮುಮಸ್ಸಿಲ್. ಬೈರೂತಿನಿಂದ."

ನಮ್ಮ ಕಡೆಯ ಮಾತಿನಲ್ಲಿ ನಟನಿಗೂ ಮುಮಸ್ಸಿಲ್ ಅನ್ನುತ್ತಾರೆ, ದೊಡ್ಡವರ ಪರವಾಗಿ ಬಂದ ಪ್ರತಿನಿಧಿಗೂ ಮುಮಸ್ಸಿಲ್ ಅನ್ನುತ್ತಾರೆ. ಸಾವಿನ ಮನೆಗೆ ದೊಡ್ಡವರು ತಾವೇ ಬರುವುದು ಎಲ್ಲಿದೆ? ಮಂತ್ರಿಯ ಮುಮಸ್ಸಿಲ್, ಬಿಷಪ್ಪರ ಮುಮಸ್ಸಿಲ್, ಸೇನಾ ಜನರಲ್‌ನ ಮುಮಸ್ಸಿಲ್ ಎಂದು ಬರುತ್ತಾರೆ, ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಈ ಮನುಷ್ಯ ಯಾರ ಹೆಸರನ್ನೂ ಹೇಳಲಿಲ್ಲ. ಹೆಸರು ಹೇಳದಷ್ಟು ದೊಡ್ಡವರು ಯಾರು? ರಾಯಭಾರ ಕಚೇರಿಯವರು. ಯಾವ ರಾಯಭಾರ ಕಚೇರಿ ಎಂದು ಕೇಳಿದರೆ ತಮಗೆ ಗೊತ್ತಿಲ್ಲವೆಂದು ತೋರಿಸಿಕೊಂಡಂತೆ; ಅಂಥ ದಡ್ಡ ಕ್ಫರ್‌ತೂನ್‌ನಲ್ಲಿ ಹುಟ್ಟಿಲ್ಲ. ಎದ್ಮೋನ್ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿದ್ದ. ಕೈಗೆ ಸಕ್ಕರೆಯಿಲ್ಲದ ಕಾಫಿ ಬಂತು.

ಅವನ ಹಿಂದೆಯೇ ಫಾಯೆಕ್ ಬಂದ, ಮಡಚಿದ ಬಾವುಟ ಕಂಕುಳಲ್ಲಿ. ಹಿಂದೆ ಬಂದ ಹುಡುಗರ ಕೋಟುಗಳು ಸೊಂಟದ ಬಳಿ ಉಬ್ಬಿದ್ದವು. ಮಿತ್ರಿಯ ಹುಡುಗರು ಗೋಡೆ ಬಿಟ್ಟು ಮುಂದೆ ಬಂದರು. ಅಷ್ಟರಲ್ಲಿ ಯಾರೋ ಫಾಯೆಕ್‌ನ ಕಿವಿಯಲ್ಲಿ ಪಿಸುಗುಟ್ಟಿದರು. ಅವನು ಎದ್ಮೋನನನ್ನು ನೋಡಿದ. ಗಡ್ಡವಿದೆ, ಬೆಟ್ಟದಾಚೆಯ ನಮ್ಮ ದೊರೆಗಳೇ ಕಳಿಸಿದ್ದಾರೆ. ಮಿತ್ರಿ ಮೊದಲೇ ನೋಡಿಯಾಗಿತ್ತು. ಟೈ ಇದೆ, ಸಮುದ್ರದಾಚೆಯ ನಮ್ಮವರೇ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ, ಅದೇ ಒಂದು ಕುರ್ಚಿಯ ಮುಂದೆ ಬಾಗಿ ಅವನ ಭುಜಕ್ಕೆ ಮುತ್ತಿಟ್ಟರು.

ಅಫೀಫೆಯ ಕೈಯಲ್ಲಿ ಫೋನ್ ನಡುಗಿತು. ಸಿಹಾಂ. ಗಂಡನ ಜೊತೆ ರಸ್ತೆಯ ತಿರುವಿನವರೆಗೆ ಬಂದಿದ್ದಾರಂತೆ, ಕಾರಿನಿಂದ ಇಳಿದಿಲ್ಲ. ಬಾವುಟ ತೆಗೆದರಾ ಎಂದು ಕೇಳಿದಳು. ಅಲ್ಲೇ ಇರು ಎಂದಳು ತಾಯಿ. ಚರ್ಚಿನ ಗಂಟೆ ಶುರುವಾಗಿತ್ತು. ಪಾದ್ರಿ ಅಂಗಳದಲ್ಲಿ ಕಾಯುತ್ತಿದ್ದರು. ಇಬ್ಬರು ಮುಚ್ಚಳವನ್ನು ಗೋಡೆಯಿಂದ ಎತ್ತಿ ಹಿಡಿದಿದ್ದರು.

ಎದ್ಮೋನ್ ಎದ್ದು ಅವಳ ಬಳಿ ಬಂದು ಎರಡೂ ಕೈ ಹಿಡಿದುಕೊಂಡ. ತನ್ನ ಮದುವೆಯ ದಿನದ ನಂತರ ಅವನನ್ನು ಅವಳು ನೋಡುತ್ತಿರುವುದು ಇದೇ ಮೊದಲು.

"ಅತ್ತಿಗೆ," ಎಂದ ಮೆಲ್ಲಗೆ, "ಇವ್ರೆಲ್ಲ ಯಾಕೆ ನನ್ನ ಭುಜಕ್ಕೆ ಮುತ್ತಿಡ್ತಾವ್ರೆ?"

ಅವನನ್ನು ಏನೆಂದುಕೊಂಡಿದ್ದಾರೆಂದು ಅಫೀಫೆಗೆ ಅರ್ಥವಾಯಿತು. ನಗು ಬಂತು, ನುಂಗಿಕೊಂಡಳು. ಇದು ಬಯಲಾದರೆ ಎರಡೂ ಕಡೆಯ ಕೋವಿಗಳು ಅವನೊಬ್ಬನ ಕಡೆ ತಿರುಗುತ್ತವೆ. ಅವಳು ಬಾಗಿಲ ಕಡೆ ನೋಡಿದಳು, ಮುಚ್ಚಳದ ಕಡೆ ನೋಡಿದಳು.

"ಎದ್ಮೋನ್, ಒಂದು ಪಾತ್ರ ಮಾಡ್ತೀಯ?"

"ಯಾರದ್ದು?"

"ಅವ್ರು ನಿನ್ನ ಯಾರೂಂತ ಅಂದ್ಕೊಂಡಿದಾರೋ ಅವರದ್ದು. ನನ್ನ ಮಗಳು ತಿರುವಿನಲ್ಲಿ ನಿಂತಿದಾಳೆ. ಆ ಬಟ್ಟೆ ತೆಗೀಬೇಕು, ಇನ್ನೊಂದು ಹೊದಿಸ್ಬಾರದು. ನಾನು ಬೆಳಿಗ್ಗೆಯಿಂದ ಹೇಳ್ತಿದೀನಿ. ನಾನು ಬರೀ ಹೆಂಡ್ತಿ."

ಎದ್ಮೋನ್ ಶವದ ಮುಖ ನೋಡಿದ. "ಸಿಕ್ಕಿಬಿದ್ರೆ ಇನ್ನೊಂದು ಪೆಟ್ಟಿಗೆ ಬೇಕಾಗುತ್ತೆ, ಅತ್ತಿಗೆ."

"ಗೊತ್ತು."

ಅವನು ಟೈ ಸರಿಮಾಡಿಕೊಂಡ. ಆ ಸ್ಟುಡಿಯೊದಲ್ಲಿ ಧಾರಾವಾಹಿಯ ಪ್ರೇಮಿಗಳನ್ನೆಲ್ಲ ಪುಸ್ತಕದ ಭಾಷೆಯಲ್ಲೇ ಮಾತಾಡಿಸುತ್ತಿದ್ದರು. ಆ ಭಾಷೆಯನ್ನು ನಮ್ಮಲ್ಲಿ ಯಾವ ತಾಯಿಯೂ ಮಗುವಿಗೆ ಆಡುವುದಿಲ್ಲ. ಅದನ್ನು ಆಡುವವರು ಸುದ್ದಿ ಓದುವವರು ಮತ್ತು ಪರದೇಶದವರು. ಎದ್ಮೋನ್ ಅದೇ ಭಾಷೆಯಲ್ಲಿ ಬಾಯಿ ತೆರೆದ.

"ಮಹನೀಯರೇ. ನನ್ನನ್ನು ಕಳುಹಿಸಿದವರು ಈ ಮನೆಯ ಶೋಕದಲ್ಲಿ ಭಾಗಿಗಳು. ಈ ಪಾರ್ಥಿವ ಶರೀರದ ಮೇಲೆ ಯಾವುದೇ ಬಾವುಟ ಇರಕೂಡದೆಂಬುದು ಅವರ ಇಚ್ಛೆ. ಇದಕ್ಕೆ ಸಹಕರಿಸಿದವರನ್ನು ಅವರು ಮರೆಯುವುದಿಲ್ಲ."

ಮೂಲೆಯಿಂದ ವಾರ್ದೆ ಕತ್ತು ಚಾಚಿದಳು.

"ಈ ದನಿ ನಾನೆಲ್ಲೋ ಕೇಳಿದೀನಿ. ಹೆಂಡ್ತಿ ಕುರುಡಿಯಾದ್ಲು ಅಂತ ಬಿಟ್ಟೋದ್ನಲ್ಲ, ಆ ಸೀರಿಯಲ್ಲಲ್ಲಿ…"

ಅಫೀಫೆ ಅವಳ ಕಡೆ ಹೆಜ್ಜೆಯಿಟ್ಟಳು. ಮಿತ್ರಿಯೇ ಕಾಪಾಡಿದ.

"ಟಿವೀಲಿ ಕೇಳಿರ್ತೀರ ದೊಡ್ಡಮ್ಮ," ಎಂದ ಹೆಮ್ಮೆಯಿಂದ. "ಸುದ್ದೀಲಿ ದಿನಾ ಬರ್ತಾರೆ."

ಹೇಳುತ್ತಲೇ ಬಾವುಟಕ್ಕೆ ಕೈ ಹಾಕಿದ. ಫಾಯೆಕ್ ತನ್ನ ಬಾವುಟವನ್ನು ಅವನಿಗಿಂತ ಮೊದಲು ಕೋಟಿನೊಳಕ್ಕೆ ತುರುಕಲು ಹೆಣಗಿದ. ಯಾರು ಬೇಗ ವಿಧೇಯರಾದರು ಎಂಬುದು ಎದ್ಮೋನನ ಕಣ್ಣಿಗೆ ಬೀಳಲೆಂದು ಇಬ್ಬರೂ ಗಂಟಲು ಸರಿಮಾಡಿಕೊಂಡರು. ಬೆಳಿಗ್ಗೆಯಿಂದ ಒಬ್ಬ ಹೆಂಡತಿ ಎಳೆದರೂ ಬಾರದ ಬಟ್ಟೆ, ನಾಲ್ಕು ಮಾತಿಗೆ ಗಾಳಿಗೆ ಹಾರಿದಂತೆ ಹೋಯಿತು.

ಅಫೀಫೆ ಫೋನಿನಲ್ಲಿ ಒಂದೇ ಮಾತು ಹೇಳಿದಳು, ಸಿಹಾಂ ಬಂದಳು. ಓಡಿಯೇ ಬಂದಳು, ಒಂದು ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತ್ತು. ಬರಿಯ ಕಂದು ಸೂಟಿನಲ್ಲಿ ಮಲಗಿದ್ದ ಅಪ್ಪನ ಕೆನ್ನೆಗೆ ಕೆನ್ನೆ ಒತ್ತಿ ಬಹಳ ಹೊತ್ತು ಹಾಗೇ ಇದ್ದಳು. ಮುಚ್ಚಳ ಹಿಡಿದವರು ಕಾದರು, ಯಾಕೆಂದರೆ ಎದ್ಮೋನ್ ಕಾಯಿರಿ ಎಂದು ಕೈ ಎತ್ತಿದ್ದ. ಬಾಗಿಲಲ್ಲಿ ಅವಳ ಗಂಡ ಘಸ್ಸಾನ್ ಒಳಗೆ ಕಾಲಿಡಲೋ ಬೇಡವೋ ಎಂದು ನಿಂತಿದ್ದ. ಮಿತ್ರಿ ತಾನೇ ಹೋಗಿ ಅವನ ತೋಳು ಹಿಡಿದು ಕರೆತಂದ. ಮುಖದ ತುಂಬ ನಗು, ಕಣ್ಣು ಮಾತ್ರ ಮೊದಲ ಸಾಲಿನ ಮೇಲೆ.

ನಖ್ಲೆಯ ಪೆಟ್ಟಿಗೆಯನ್ನು ಎರಡೂ ಕೇರಿಯವರು ಹೊತ್ತರು. ಅಫೀಫೆ ಹಿಂದೆ ನಡೆದಳು, ಮಗಳ ತೋಳು ಹಿಡಿದು. ಗೆದ್ದೆ ಅನ್ನಿಸಬೇಕಿತ್ತು. ಕಾಲುಗಳು ಮಾತ್ರ ನಿಲ್ಲಲೊಲ್ಲವು, ಬೆನ್ನಟ್ಟಿಸಿಕೊಂಡವರ ಹಾಗೆ ಮುಂದಿನವರ ಹಿಮ್ಮಡಿ ತುಳಿಯುತ್ತಿದ್ದವು. ಎದ್ಮೋನನಿಗೆ ಕೊಡೆ ಹಿಡಿಯಲು ಇಬ್ಬರು ಪೈಪೋಟಿ ನಡೆಸಿದ್ದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಯಾರೋ ನಡೆಯುತ್ತಲೇ ಅವನ ಕಿವಿಯಲ್ಲಿ ತಮ್ಮನಿಗೊಂದು ವೀಸಾ ಕೇಳಿದರು. ಇನ್ಯಾರೋ ಎದುರು ಪಕ್ಷದ ನಾಲ್ವರ ಹೆಸರು ಹೇಳಿ, ಗಮನದಲ್ಲಿರಲಿ ಎಂದರು.

ಆಲಿವ್ ಮರಗಳ ಕೆಳಗೆ ಗುಂಡಿ ತಯಾರಾಗಿತ್ತು. ಪೆಟ್ಟಿಗೆ ಇಳಿಯಿತು. ಪಾದ್ರಿ ಪ್ರಾರ್ಥನೆ ಮುಗಿಸಿ ಮಣ್ಣನ್ನು ಶಿಲುಬೆಯಾಕಾರದಲ್ಲಿ ಉದುರಿಸಿ ಹಿಂದೆ ಸರಿದರು. ಜನ ಬಾಗಿ ಒಂದೊಂದು ಹಿಡಿ ಎತ್ತಿಕೊಂಡರು. ಅಫೀಫೆ ತನ್ನ ಹಿಡಿಯನ್ನು ಬಿಟ್ಟಳು. ಹಲಗೆಯ ಮೇಲೆ ಅದು ಬಿದ್ದ ಸದ್ದು ಅವಳೆಣಿಸಿದ್ದಕ್ಕಿಂತ ಚಿಕ್ಕದಿತ್ತು. ಸಿಹಾಂ ತನ್ನದನ್ನು ಹಾಕಿದಳು.

ಆಮೇಲೆ ಯಾವ ಸದ್ದೂ ಇಲ್ಲ.

ಅಫೀಫೆ ತಲೆ ಎತ್ತಿದಳು. ಮಿತ್ರಿ, ಫಾಯೆಕ್, ಅವರ ಹುಡುಗರು, ಅಂಗಡಿಯವರು, ಎದುರುಮನೆಯವರು, ಅಳಿಯ ಘಸ್ಸಾನ್ ಕೂಡ, ಎಲ್ಲರೂ ಮುಷ್ಟಿ ಮುಂದೆ ಚಾಚಿ ನಿಂತಿದ್ದರು. ಯಾರೂ ಗುಂಡಿಯನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ತಲೆಯ ಮೇಲಿಂದ ಹಾದು ಎದ್ಮೋನನ ಕೈಯ ಮೇಲಿತ್ತು. ಎದ್ಮೋನ್ ಅಳುತ್ತಿದ್ದ, ಬಿಕ್ಕಿ ಬಿಕ್ಕಿ, ಯಾವ ಪಾತ್ರದ್ದೂ ಅಲ್ಲದ ಒಡಕು ದನಿಯಲ್ಲಿ. ಅವನಿಗೆ ತನ್ನ ಕೈಯಲ್ಲಿ ಮಣ್ಣಿರುವುದೇ ಮರೆತುಹೋಗಿತ್ತು. ಊರೆಲ್ಲ ಮುಷ್ಟಿ ಬಿಗಿಹಿಡಿದು, ಅವನು ಮೊದಲು ಹಾಕಲೆಂದು ಕಾಯುತ್ತಿತ್ತು, ಬೆರಳ ಸಂದಿಯಿಂದ ಮಣ್ಣು ಅವರವರ ಬೂಟಿನ ಮೇಲೆ ಸೋರುತ್ತಿತ್ತು.