ತಮ್ಮನ ಪಾಲು

ಜೀಪಿನಿಂದ ಇಳಿದ ಕಾರ್ಮಿಕ ಇಲಾಖೆಯ ಸಾಹೇಬರು ಬಾಗಿಲಲ್ಲಿ ಬೂಟು ಬಿಚ್ಚುವಷ್ಟರಲ್ಲಿ ಮಗ್ಗದ ಮಾಲಕ ಕೊಟ್ರಪ್ಪ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ. ಹತ್ತು ವರ್ಷದ ಗುರುಸಿದ್ದವ್ವ ರಾಟಿ ನಿಲ್ಲಿಸಿ, ಆ ಕೈ ಯಾಕೆ ಬಂತೆಂದು ತಿಳಿಯದೆ ತಾಯಿಯ ಮುಖ ನೋಡಿದಳು.

ಬೆಟಗೇರಿಯ ಆ ಮಗ್ಗದ ಮನೆಯಲ್ಲಿ ಗದಿಗೆವ್ವ ಗಂಡ ಸತ್ತಂದಿನಿಂದ ನೂಲು ಸುತ್ತುತ್ತಿದ್ದಳು. ಮಗಳನ್ನು ಓದಲು ಸಾಲಿಗೆ ಹಾಕುತ್ತೇನೆಂದು ಎರಡು ಸಲ ಕೇಳಿದ್ದಳು. ಕೆಲಸಕ್ಕೆ ಬಂದರೆ ಇಬ್ಬರೂ ಬರಬೇಕು, ಇಲ್ಲದಿದ್ದರೆ ಇಬ್ಬರೂ ಬೇಡ ಎಂದಿದ್ದ ಕೊಟ್ರಪ್ಪ. ಸಣ್ಣ ಬೆರಳಿಗೆ ಹರಿದ ಎಳೆ ಜಲ್ದಿ ಸಿಗುತ್ತದಲ್ಲ. ಮಕ್ಕಳನ್ನು ದುಡಿಸಬಾರದೆಂದು ಸರ್ಕಾರ ಹೊಸ ಕಾಯ್ದೆ ಮಾಡಿದ ಖಬರ ಬಂದಾಗಲೂ ಅವನು ಹೆದರಲಿಲ್ಲ. ಮನೆಯ ಮಕ್ಕಳಾದರೆ ಅಡ್ಡಿಯಿಲ್ಲವಂತೆ ಎಂದು ಯಾರೋ ಹೇಳಿದ್ದರು.

“ನಮ್ಮ ಮನಿ ಕೂಸರಿ ಇದು. ತೀರಿಕೊಂಡ ನನ್ನ ತಮ್ಮನ ಮಗಳು,” ಎಂದ ಕೊಟ್ರಪ್ಪ.

ಸಾಹೇಬರು ಗದಿಗೆವ್ವನ ಕಡೆ ತಿರುಗಿ, ಹೌದೇನಮ್ಮ ಎಂದು ಕೇಳಿದರು. ಅವರ ಬೆನ್ನ ಹಿಂದಿನಿಂದ ಕೊಟ್ರಪ್ಪ ಕೆಕ್ಕರಿಸಿ ನೋಡಿದ. ಅಲ್ಲವೆಂದರೆ ನಾಳೆಯ ರೊಟ್ಟಿ ಇಲ್ಲ. ಹೌದೆಂದರೆ ಮಗಳು ರಾಟಿ ಬಿಟ್ಟು ಏಳುವುದೇ ಇಲ್ಲ. ಗದಿಗೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡನ ಅಣ್ಣನ ಮುಂದೆ ನಿಂತವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು.

“ಭಾವನೋರು ಇಷ್ಟ ದಿನಕ್ಕ ಬಾಯಿ ಬಿಟ್ರು. ಬರಕೋರಿ ಸಾಹೇಬ್ರ,” ಎಂದಳು. “ಆರು ಮಗ್ಗ ಅದಾವ. ತಮ್ಮನ ಪಾಲು ಮೂರು. ಅದನ್ನೂ ಬರಕೋರಿ.”

ನೇಕಾರ ಮಲಂಗಸಾಬನ ಲಾಳಿ ನಡುವೆಯೇ ನಿಂತಿತು. ಸಾಹೇಬರು ನಿಜವಾಗಿಯೂ ಪೆನ್ನು ತೆಗೆದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕೊಟ್ರಪ್ಪನ ಹೆಂಡತಿ ಶಾರದವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಯಾವ ತಮ್ಮರಿ? ನಮ್ಮತ್ತಿ ಹಡದದ್ದು ಇವರೊಬ್ಬರನ್ನ. ಇವರಿಬ್ರೂ ಕೂಲಿ ಮಂದಿ, ತಾಯಿ ಮಗಳು.”

“ಮೂರು ಮಗ್ಗ ಉಳದ್ವು ಬಿಡ್ರಿ ಮಾಲಕ್ರ,” ಎಂದ ಮಲಂಗಸಾಬ, ತಲೆ ಎತ್ತದೆ.

ಸಾಹೇಬರು ಹುಡುಗಿಯ ಹೆಸರು, ವಯಸ್ಸು ಬರೆದುಕೊಂಡು, ಮಗುವನ್ನು ದುಡಿಸಿದ್ದಕ್ಕೆ ಕೊಟ್ರಪ್ಪನ ಸಹಿ ಹಾಕಿಸಿಕೊಂಡರು. ಜೀಪು ಓಣಿ ದಾಟುವ ಮೊದಲೇ ಅವನು ತಾಯಿ ಮಗಳಿಬ್ಬರಿಗೂ ಬಾಗಿಲು ತೋರಿಸಿದ. ಗದಿಗೆವ್ವ ಬೇಡಿಕೊಳ್ಳಲಿಲ್ಲ. ಸೀರೆಗೆ ಅಂಟಿದ್ದ ಎಳೆಗಳನ್ನು ಅವನ ಹೊಸ್ತಿಲಲ್ಲೇ ಜಾಡಿಸಿ ಹೊರಬಂದಳು.

ಬಿಸಿಲು ಏರಿತ್ತು. ನಾಲ್ಕು ಮನೆ ಆಚೆ ಮತ್ತೊಬ್ಬರ ಮಗ್ಗದ ಸದ್ದು ಕೇಳುತ್ತಿತ್ತು. ಗದಿಗೆವ್ವ ಮಗಳನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಬಾಗಿಲಲ್ಲಿ ನಿಂತು ಕೆಲಸ ಕೇಳಿದಳು. ಒಳಗಿದ್ದ ಮುದುಕ ಕತ್ತು ಚಾಚಿ ಹುಡುಗಿಯನ್ನು ನೋಡಿ, ಇಬ್ಬರಿಗೇನು ಎಂದ.

“ಇಲ್ರಿ. ಒಬ್ಬಾಕಿಗೆ.”

ಮುದುಕ ಯೋಚಿಸುತ್ತ ಕೂತ. ಕಟ್ಟೆಯ ಮೇಲೆ ಗುರುಸಿದ್ದವ್ವ ಕಾಲು ಇಳಿಬಿಟ್ಟಿದ್ದಳು. ಅವು ಇನ್ನೂ ನೆಲಕ್ಕೆ ಎಟುಕುತ್ತಿರಲಿಲ್ಲ.